ಯೂತಿಕನ ನಿದ್ದೆ

ನಮ್ಮ ಸಭೆಯ, ಅಂದರೆ ಚರ್ಚಿನ, ಸ್ತ್ರೀಯರ ಕೂಟದವರು ಮುಂದಿನ ತಿಂಗಳ ಪ್ರಾರ್ಥನೆಯಲ್ಲಿ ನಾನು ಸಾಕ್ಷಿ, ಅಂದರೆ ದೇವರು ನನ್ನ ಬಾಳಿನಲ್ಲಿ ಮಾಡಿದ್ದನ್ನು, ಹೇಳಬೇಕೆಂದು ನನ್ನನ್ನು ಕೇಳದೆಯೇ ಗೊತ್ತುಮಾಡಿದ್ದಾರೆ. ವಿಷಯವನ್ನೂ ಅವರೇ ಆರಿಸಿದ್ದಾರೆ: ಎಳೆಯ ಮಕ್ಕಳ ಪಾಲನೆಯಲ್ಲಿ ವಿಶ್ವಾಸವು ಕೊಡುವ ಧೈರ್ಯ. ಈ ಸುದ್ದಿಯನ್ನು ತಂದ ಹಿರಿಯರ ಮಕ್ಕಳು ಒಬ್ಬ ಪುಣೆಯಲ್ಲಿಯೂ ಒಬ್ಬಳು ದುಬೈಯಲ್ಲಿಯೂ ಇದ್ದಾರೆ. ಅವರ ಮನೆಯ ಸೋಫಾಕ್ಕೆ ಬಿಳಿಯ ಹೊದಿಕೆ ಇದೆ. ಬಿಳಿಯ ಹೊದಿಕೆಯ ಮನೆಯವರು ಮಕ್ಕಳ ಪಾಲನೆಯ ಮಾತೆತ್ತಿದರೆ ನನ್ನ ಕಿವಿ ತಾನಾಗಿಯೇ ಮಂದವಾಗುತ್ತದೆ. “ದೊಡ್ಡದೇನ ಬ್ಯಾಡವಾ, ಹತ್ತ ನಿಮಿಷ ಸಾಕು. ನಸುಕಿನಾಗ ನಾಕಕ್ಕ ಎದ್ದು ದೇವರ ಪಾದದ ಹತ್ರ ಕೂತ್ರ ಮಾತು ತಾನ ಬರ್ತಾವ” ಎಂದು ಅವರು ಹುರಿದುಂಬಿಸಿದರು. ನಸುಕಿನ ನಾಲ್ಕಕ್ಕೆ ನಾನು ಎದ್ದೇ ಇರುತ್ತೇನೆ. ಆದರೆ ಆ ಹೊತ್ತಿನಲ್ಲಿ ನನ್ನ ಪಾದದ ಹತ್ತಿರ ನನ್ನ ಕಿರಿಯ ಮಗ ಕುಳಿತಿರುತ್ತಾನೆ, ಅವನಿಗೆ ಬಾಳೆಹಣ್ಣು ಬೇಕಾಗಿರುತ್ತದೆ, ಮತ್ತು ಅದು ನಡುವೆ ಮುರಿದಿರಬಾರದು.

ಇಂಥ ಉಪದೇಶದ ಬೆನ್ನಿಗೇ ತಪ್ಪದೆ ಬರುವವಳು ಸುಸನ್ನಾ ವೆಸ್ಲಿ. ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಹೆಂಡತಿ, ಮೆಥೊಡಿಸ್ಟ್ ಪಂಥಕ್ಕೆ ಮೂಲರಾದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ. ಆಕೆ 19 ಮಕ್ಕಳನ್ನು ಹೆತ್ತಳು. ಗದ್ದಲದ ಮನೆಯಲ್ಲಿ ಪ್ರಾರ್ಥನೆಗೆ ಮೂಲೆ ಸಿಗದಿದ್ದಾಗ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯನ್ನೇ ಎತ್ತಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಳು, ಆಗ ಮಕ್ಕಳು ತುಟಿ ಬಿಚ್ಚುತ್ತಿರಲಿಲ್ಲ ಎಂದು ಹೇಳುತ್ತಾರೆ. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡರೆ ಇಬ್ಬರೂ ಕಣ್ಣಾಮುಚ್ಚಾಲೆಯೆಂದು ತಿಳಿದು ಕೇಕೆ ಹಾಕಿ ಒಳಗೆ ನುಗ್ಗುತ್ತಾರೆ. ಸುಸನ್ನಾಳ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ಬೆತ್ತ ಮಾಡಿಕೊಂಡವರ ಮೇಲಿದೆ. ಆ 19ರಲ್ಲಿ 9 ಮಕ್ಕಳು ಶೈಶವದಲ್ಲಿಯೇ ತೀರಿಕೊಂಡವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಬಟ್ಟೆಯೊಳಗೆ ಆಕೆ ಪ್ರಾರ್ಥಿಸುತ್ತಿದ್ದಳೋ, ಬಿಕ್ಕುತ್ತಿದ್ದಳೋ, ಕಂಡವರಾರು?

ನನಗೆ ನಿಜವಾಗಿ ಧೈರ್ಯ ಕೊಟ್ಟವನ ಹೆಸರು ಯೂತಿಕ. ಬೈಬಲಿನ ಅಪೊಸ್ತಲರ ಕೃತ್ಯಗಳ ಪುಸ್ತಕದ 20ನೆಯ ಅಧ್ಯಾಯದಲ್ಲಿ ಮೂರು ನಾಲ್ಕು ವಚನಗಳಲ್ಲಿ ಬಂದು ಮರೆಯಾಗುವ ಹುಡುಗ. ತ್ರೋವ ಎಂಬ ಪಟ್ಟಣದಲ್ಲಿ ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಜನರು ಕೂಡಿದ್ದಾರೆ. ಮರುದಿನ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನು ಊರು ಬಿಡುವವನಿದ್ದಾನೆ. ಆದ್ದರಿಂದ ಮಾತನ್ನು ಎಳೆಯುತ್ತ ಎಳೆಯುತ್ತ ನಡುರಾತ್ರಿಗೆ ತಂದಿದ್ದಾನೆ. ಮಡದಿ ಮಕ್ಕಳಿಲ್ಲದೆ ಊರೂರು ಸುತ್ತಿದವನಿಗೆ ಕೇಳುವವರ ಮನೆಯಲ್ಲಿ ಊಟದ ಹೊತ್ತು, ನಿದ್ದೆಯ ಹೊತ್ತು ಎಂಬುವು ಇರುತ್ತವೆಂದು ಯಾರು ಹೇಳಬೇಕು? ಆ ಮೇಲಂತಸ್ತಿನಲ್ಲಿ ಬಹಳ ದೀಪಗಳಿದ್ದವೆಂದು ಈ ಪುಸ್ತಕದ ಲೇಖಕ ಲೂಕನು ನೆನಪಿಟ್ಟು ಬರೆದಿದ್ದಾನೆ. ಅವನು ವೈದ್ಯ. ಎಣ್ಣೆದೀಪಗಳ ಹೊಗೆ, ಒತ್ತೊತ್ತಾಗಿ ಕುಳಿತವರ ಉಸಿರು, ಸೆಕೆ ಎಲ್ಲವನ್ನೂ ಆ ಒಂದು ಸಾಲಿನಲ್ಲಿ ಹುಡುಗನ ಪರವಾಗಿ ದಾಖಲು ಮಾಡಿದ್ದಾನೆಂದೇ ನಾನು ಓದಿಕೊಳ್ಳುತ್ತೇನೆ.

ಯೂತಿಕನು ಕಿಟಕಿಯಲ್ಲಿ ಕುಳಿತಿದ್ದ. ಮೂರನೆಯ ಅಂತಸ್ತಿನ ಕಿಟಕಿ. ನನ್ನ ಓದು ಯಾವಾಗಲೂ ಇಲ್ಲಿಯೇ ನಿಲ್ಲುತ್ತದೆ. ಅಷ್ಟು ಮಂದಿ ವಿಶ್ವಾಸಿಗಳಿದ್ದರಲ್ಲ, “ಅಲ್ಲಿ ಕೂಡಬ್ಯಾಡೋ, ಬೀಳ್ತಿ” ಎಂದು ಒಬ್ಬರಾದರೂ ಗದರಬಾರದಿತ್ತೆ? ಚಿಕ್ಕ ಮಕ್ಕಳಿರುವ ಹೆಂಗಸು ಯಾರ ಮನೆಗೆ ಹೋದರೂ ಮೊದಲು ನೋಡುವುದು ಕಿಟಕಿಯ ಸರಳನ್ನು, ಆಮೇಲೆ ಮನೆಯವರ ಮುಖವನ್ನು. ಅಲ್ಲಿ ಯಾವ ತಾಯಿಯೂ ಇರಲಿಲ್ಲವೆಂದಲ್ಲ. ಬಹುಶಃ ಕೂಸನ್ನು ಎತ್ತಿಕೊಂಡು ಮೆಟ್ಟಿಲ ಕೆಳಗೆ ತಟ್ಟುತ್ತಿದ್ದಿರಬೇಕು. ಹುಡುಗನಿಗೆ ಗಾಢ ನಿದ್ದೆ ಹತ್ತಿತು, ಕೆಳಗೆ ಬಿದ್ದ, ಎತ್ತುವಾಗ ಸತ್ತಿದ್ದ. ಪೌಲನು ಇಳಿದು ಬಂದು, ಅವನ ಮೇಲೆ ಬಿದ್ದು ತಬ್ಬಿಕೊಂಡು, ಗೋಳಾಡಬೇಡಿರಿ, ಇವನ ಪ್ರಾಣ ಇವನಲ್ಲಿದೆ ಎಂದ. ಆಮೇಲೆ ಮಾಡಿದ್ದೇನು? ಮತ್ತೆ ಮೇಲೇರಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೂ ಮಾತನಾಡಿದ! ಒಂದು ಜೀವ ಹೋಗಿ ಬಂದರೂ ಪ್ರಸಂಗ ಮೊಟಕಾಗಲಿಲ್ಲ. ಇದನ್ನು ಓದಿದ ಮೇಲೆ ನಮ್ಮ ಪಾದ್ರಿ ಅಯ್ಯನವರ ಮುಕ್ಕಾಲು ಗಂಟೆಯ ಪ್ರಸಂಗದ ಬಗ್ಗೆ ನನ್ನ ದೂರು ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ.

ಆದರೆ ಗಮನಿಸಬೇಕಾದದ್ದು ಬೇರೆ. ದೇವರ ವಾಕ್ಯ ಕೇಳುತ್ತ ನಿದ್ದೆ ಮಾಡಿದೆಯಲ್ಲ ಎಂದು ಆ ಹುಡುಗನನ್ನು ಪೌಲನೂ ಬಯ್ಯಲಿಲ್ಲ, ಲೂಕನೂ ಬಯ್ಯಲಿಲ್ಲ. ಅವನು ಪಶ್ಚಾತ್ತಾಪಪಟ್ಟ, ನಸುಕಿನಲ್ಲಿ ಏಳಲು ಶುರುಮಾಡಿದ ಎಂದೂ ಎಲ್ಲಿಯೂ ಇಲ್ಲ. ಜೀವಂತವಾಗಿ ಅವನನ್ನು ಕರೆತಂದರು, ಎಲ್ಲರಿಗೂ ಬಹಳ ಸಮಾಧಾನವಾಯಿತು, ಅಷ್ಟೇ.

ಧಾರವಾಡಕ್ಕೆ 1837ರಲ್ಲಿ ಬಂದ, ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನಿನವರು ಶಾಲೆಗಳ ಜೊತೆಗೆ ಬಿಟ್ಟುಹೋದ ಶಿಸ್ತು ಈ ಸೀಮೆಯ ನಮ್ಮಂಥ ಸಭೆಗಳ ಬೆಂಚುಗಳಲ್ಲಿ ಇನ್ನೂ ಕುಳಿತಿದೆ. ಮೊನ್ನೆ ಪಾಪದ ಅರಿಕೆಯ ಮೌನದ ಹೊತ್ತಿನಲ್ಲಿ ಮಗನ ಕೈಯಿಂದ ಕಾಣಿಕೆಯ ಐದು ರೂಪಾಯಿ ನಾಣ್ಯ ಜಾರಿತು. ಬಿದ್ದಲ್ಲಿಯೇ ಮಲಗದೆ ಅಂಚಿನ ಮೇಲೆ ನಿಂತು, ಬೆಂಚುಗಳ ಕೆಳಗೆ ಉರುಳುತ್ತ, ಮುಂದಿನ ಸಾಲಿನ ಹಿರಿಯರ ಬಿಚ್ಚಿಟ್ಟ ಚಪ್ಪಲಿಗೆ ತಾಗಿ, ಅಲ್ಲಿ ಗಿರಗಿರನೆ ತಿರುಗಿ ಸುಸ್ತಾಗಿ ಬಿತ್ತು. ಮೂರು ಸಾಲು ಕುತ್ತಿಗೆಗಳು ನನ್ನ ಕಡೆಗೆ ತಿರುಗಿದವು. “ಹೊರಗ ಕರ್ಕೊಂಡು ಹೋಗವಾ, ಏನೂ ಕೇಳಸವಲ್ತು” ಎಂದು ಪಕ್ಕದವರು ಪಿಸುಗುಟ್ಟಿದರು. ಈ ಕೂಸಿನ ದೀಕ್ಷಾಸ್ನಾನದ ದಿನ ಎದ್ದುನಿಂತು ಸ್ವಾಗತಿಸಿದವರೂ ಇವರೇ. ಸಂಡೆ ಸ್ಕೂಲಿನ ಗೋಡೆಯ ಮೇಲೆ ಯೇಸುವಿನ ಸುತ್ತ ತಲೆ ಬಾಚಿಕೊಂಡ ಮಕ್ಕಳ ಚಿತ್ರ ತೂಗುತ್ತಿದೆ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಆತನು ಕೋಪಿಸಿಕೊಂಡನೆಂದು ಮಾರ್ಕನು ಬರೆದ ಮಾತು ಮಾತ್ರ ಆ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಧ್ವನಿವರ್ಧಕದಲ್ಲಿ ಪ್ರಸಂಗದ ಪ್ರತಿ ವಾಕ್ಯದ ಮೊದಲರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ ರಸ್ತೆಯ ಲಾರಿಗಳು ಅಡ್ಡ ಬರುತ್ತವೆ.

ಸಾಕ್ಷಿಯಲ್ಲಿ ಏನು ಹೇಳಲಿ? ಹೊಸ ವರ್ಷದ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಚೀಟಿ, ಅಂದರೆ ಆ ವರ್ಷಕ್ಕೆಂದು ಸಿಗುವ ಬೈಬಲಿನ ಮಾತು, ಯೆಶಾಯನ ಪುಸ್ತಕದ 40ನೆಯ ಅಧ್ಯಾಯದ 11ನೆಯ ವಚನ. ಕುರುಬನು ಮರಿಗಳನ್ನು ಎದೆಗಪ್ಪಿಕೊಳ್ಳುತ್ತಾನೆ, ಹಾಲೂಡಿಸುವ ಕುರಿಗಳನ್ನು ಮೆಲ್ಲಗೆ ನಡೆಸುತ್ತಾನೆ ಎಂಬುದು ಅದರ ಭಾವ. ಹಿಂಡಿನ ವೇಗಕ್ಕೆ ತಾಯಿಕುರಿ ಹೆಜ್ಜೆ ಹಾಕಬೇಕೆಂದಿಲ್ಲ, ಅದರ ಹೆಜ್ಜೆಗೆ ಕುರುಬನೇ ನಿಧಾನಿಸುತ್ತಾನೆ. ಇದನ್ನು ಹೇಳಿ ಕುಳಿತುಕೊಳ್ಳಬಹುದು, ಆದರೆ ಅದು ಒಂದು ನಿಮಿಷದ ಮಾತು. ಕೂಟದವರಿಗೆ ಹತ್ತು ನಿಮಿಷ ಬೇಕು, ಅದರಲ್ಲಿ ಕಣ್ಣೀರೂ ಸ್ವಲ್ಪ ಇರಬೇಕು. ಯೂತಿಕನ ಕಥೆಯನ್ನೇ ಹೇಳೋಣವೆಂದರೆ ಅಯ್ಯನವರ ಪತ್ನಿಯವರು ಮೊದಲನೆಯ ಸಾಲಿನಲ್ಲಿ ಕುಳಿತಿರುತ್ತಾರೆ. ಇಷ್ಟು ವರ್ಷ ಸಭೆಗೆ ನಡೆದುಕೊಂಡರೂ ಆ ಹುಡುಗನ ಮೇಲೆ ಒಬ್ಬರೂ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ. ಮಾಡಿದ್ದರೂ ಆಗ ನಾನು ಬೇವಿನ ಮರದ ಕೆಳಗಿದ್ದಿರಬೇಕು.