ಮಕ್ಕಳು ಓದಿದ ಊರು ಬಿಟ್ಟು ನಯಾಗರಾಕ್ಕೆ ಓಡುವ ಅಪ್ಪ-ಅಮ್ಮಂದಿರಿಗೆ

ನಮ್ಮ ಕಡೆಯಿಂದ ಅಮೆರಿಕಕ್ಕೆ ಬರುವ ಅಪ್ಪ-ಅಮ್ಮಂದಿರ ಟೂರ್ ಪ್ಲಾನ್ ನೋಡಿ ನೋಡಿ ನನಗೆ ಸಾಕಾಗಿದೆ. ಮಗನೋ ಮಗಳೋ ಇಲ್ಲಿ ಬ್ಲೂಮಿಂಗ್ಟನ್‌ನ ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಓದು ಮುಗಿಸಿರುತ್ತಾರೆ. ಮೇ ತಿಂಗಳ ಗ್ರ್ಯಾಜುಯೇಶನ್‌ಗೆ ಇವರು ಬಂದಿಳಿಯುತ್ತಾರೆ. ಸ್ಯಾಂಪಲ್ ಗೇಟ್ಸ್ ಅನ್ನೋ ಕಲ್ಲಿನ ಕಮಾನಿನ ಮುಂದೆ ಕ್ಯೂ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾರನೇ ದಿನ ಬೆಳಿಗ್ಗೆ ಬಾಡಿಗೆ ಕಾರು ಹತ್ತಿ ಶಿಕಾಗೊ, ಅಲ್ಲಿಂದ ನಯಾಗರಾ, ನ್ಯೂಯಾರ್ಕ್, ವಾಷಿಂಗ್ಟನ್. ಮಗು ಎಲ್ಲಿ ಉಂಡಿತು, ಎಲ್ಲಿ ಕೂತು ಓದಿತು, ಸಂಜೆ ಹೊತ್ತು ಎಲ್ಲಿ ಅಡ್ಡಾಡಿತು ಅಂತ ನೋಡೋಕೆ ಒಂದು ಮಧ್ಯಾಹ್ನವೂ ಇಲ್ಲ.

ತಪ್ಪು ಅವರದ್ದಲ್ಲ ಬಿಡಿ. "ಇಲ್ಲಿ ಏನಿದೆ ಅಮ್ಮಾ ನೋಡೋಕೆ, ಬರೀ ಮೆಕ್ಕೆಜೋಳದ ಹೊಲ" ಅಂತ ಮಕ್ಕಳೇ ಹೇಳಿರುತ್ತಾರೆ. ಅದೂ ಸರಿಯಿಲ್ಲ. ಇಂಡಿಯಾನಾ ರಾಜ್ಯದ ಉತ್ತರ ಭಾಗ ಹಾಗಿರೋದು ನಿಜ; ಹಿಂದೆ ಹಿಮನದಿಗಳು ಹರಿದು ನೆಲವನ್ನೆಲ್ಲ ಉಜ್ಜಿ ಸಪಾಟು ಮಾಡಿವೆ. ದಕ್ಷಿಣದ ಈ ಭಾಗವನ್ನು ಅವು ಅಷ್ಟಾಗಿ ಮುಟ್ಟಲಿಲ್ಲ. ಇಂಡಿಯಾನಾಪೊಲಿಸ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಒಂದು ಗಂಟೆ. ದಾರಿಯಲ್ಲೇ ಗುಡ್ಡ ಶುರುವಾಗುತ್ತದೆ, ಕಾಡು ಶುರುವಾಗುತ್ತದೆ. ಕಣ್ಣು ಫೋನಿನಲ್ಲಿದ್ದರೆ ಇದೆಲ್ಲ ಕಾಣಲ್ಲ, ಅಷ್ಟೇ.

ನನ್ನ ವಾದ ಇಷ್ಟೇ. ಎಂಬತ್ತು ಸಾವಿರದ ಹತ್ತಿರ ಜನಸಂಖ್ಯೆಯ ಈ ಊರಿನಲ್ಲಿ ಒಂದು ವಾರ ಉಳಿಯಿರಿ. ಇಲ್ಲಿ ನೋಡಬೇಕಾದ ಬಹುಪಾಲು ಜಾಗಗಳಿಗೆ ಟಿಕೆಟ್ ಇಲ್ಲ, ಕಾರೂ ಬೇಕಿಲ್ಲ. ಮೊಣಕಾಲು ನೋವಿದ್ದವರೂ ಬೆಂಚಿನಿಂದ ಬೆಂಚಿಗೆ ನಿಧಾನವಾಗಿ ನಡೆದು ನೋಡಬಹುದು.

ಮೊದಲು ಕಲ್ಲು. ಕ್ಯಾಂಪಸ್ಸಿನ ಕಟ್ಟಡಗಳಲ್ಲಿ ಹೆಚ್ಚಿನವು ಇಲ್ಲೇ ಅಗೆದ ಸುಣ್ಣದ ಕಲ್ಲಿನವು. ನಮ್ಮ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಆದರೆ ಅದನ್ನು ನಾವು ನೆಲಕ್ಕೆ ಹಾಸುತ್ತೇವೆ, ಇವರು ಇದರಲ್ಲಿ ಗೋಪುರ ಕಟ್ಟುತ್ತಾರೆ, ಎಲೆ, ಹೂವು, ಗೂಬೆ ಎಲ್ಲ ಕೆತ್ತುತ್ತಾರೆ. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಚಿಪ್ಪುಗಳ ಪುಡಿಯೇ ಈ ಕಲ್ಲು. ಯಾವುದಾದರೂ ಹಳೇ ಕಟ್ಟಡದ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ. ಬೂದು ಬಣ್ಣದ ನಡುವೆ ಸಣ್ಣ ಸಣ್ಣ ಬಿಲ್ಲೆಗಳು ಕಾಣುತ್ತವೆ, ಕೆಲವಕ್ಕೆ ನಟ್ಟನಡುವೆ ತೂತು. ಅದು ಕ್ರೈನಾಯ್ಡ್ ಅನ್ನೋ ಸಮುದ್ರಜೀವಿಯ ಕಾಂಡದ ತುಂಡು. ಬೆರಳಲ್ಲಿ ಸವರಿದರೆ ತರಿತರಿ ಸಿಗುತ್ತದೆ. ನಮ್ಮತ್ತೆಯವರು ಹೀಗೇ ಒಂದು ಗೋಡೆ ಸವರುತ್ತಾ ನಿಂತುಬಿಟ್ಟಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಹುಡುಗನೊಬ್ಬ, ಭೂವಿಜ್ಞಾನದ ವಿದ್ಯಾರ್ಥಿಯಂತೆ, ನಿಂತು ಹತ್ತು ನಿಮಿಷ ಪಾಠವನ್ನೇ ಮಾಡಿದ. ಇವರಿಗೆ ಅವನ ಇಂಗ್ಲಿಷು ಅರ್ಧ ಅರ್ಥವಾಯಿತು, ಅವನಿಗೆ ಇವರ ಪ್ರಶ್ನೆ ಪೂರ್ತಿ ಅರ್ಥವಾಯಿತು.

ನ್ಯೂಯಾರ್ಕಿಗೆ ಹೋಗಿ ಕತ್ತೆತ್ತಿ ನೋಡ್ತೀರಲ್ಲ, ಎಂಪೈರ್ ಸ್ಟೇಟ್ ಬಿಲ್ಡಿಂಗ್? ಅದರ ಮೈಗೆ ಹೊದಿಸಿದ ಕಲ್ಲು ಹೋಗಿದ್ದು ಇಲ್ಲಿಂದ. ಪೆಂಟಗಾನ್‌ಗೂ ಇಲ್ಲಿಂದಲೇ. ಬ್ಲೂಮಿಂಗ್ಟನ್ನಿಗೂ ದಕ್ಷಿಣದ ಬೆಡ್‌ಫರ್ಡ್‌ಗೂ ನಡುವೆ ಆ ಕ್ವಾರಿಗಳ ಗುಂಡಿಗಳು ಇವತ್ತಿಗೂ ಇವೆ. ಬಹಳಷ್ಟು ಖಾಸಗಿ ಜಾಗ, ಸುಮ್ನೆ ಬೇಲಿ ಹಾರಬೇಡಿ.

ಎರಡನೆಯದು ಲಿಲಿ ಲೈಬ್ರರಿ. 1960ರಲ್ಲಿ ಶುರುವಾದ ಅಪರೂಪದ ಪುಸ್ತಕಗಳ ಮನೆ. ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್‌ನ ಹೊಸ ಒಡಂಬಡಿಕೆ ಭಾಗ ಇಲ್ಲಿದೆ. ಶೇಕ್ಸ್‌ಪಿಯರ್‌ನ ನಾಟಕಗಳನ್ನು ಒಟ್ಟುಗೂಡಿಸಿದ 1623ರ ಮೊದಲ ಸಂಕಲನ ಇದೆ. ನನಗಂತೂ ಅವೆಲ್ಲಕ್ಕಿಂತ ಜಾಸ್ತಿ ಇಷ್ಟ ಅಲ್ಲಿರುವ ಒಗಟಿನ ಆಟಿಕೆಗಳು. ಜೆರ್ರಿ ಸ್ಲೋಕಮ್ ಅನ್ನುವವರು ಜೀವಮಾನವಿಡೀ ಕೂಡಿಹಾಕಿದ 30,000ಕ್ಕೂ ಹೆಚ್ಚು ಪಜಲ್‌ಗಳನ್ನು ಈ ಲೈಬ್ರರಿಗೆ ಕೊಟ್ಟಿದ್ದಾರೆ. ಬೀಗ, ಉಂಗುರ, ಮರದ ಗಂಟು, ಹೇಗೆ ತೆಗೆಯೋದು ಅಂತ ಗೊತ್ತೇ ಆಗದ ಪೆಟ್ಟಿಗೆ. ಎಲ್ಲವೂ ಗಾಜಿನ ಹಿಂದೆ ಇಲ್ಲ. ಕೆಲವನ್ನು ಕೈಗೆತ್ತಿಕೊಂಡು ಆಡಬಹುದು. ಮ್ಯೂಸಿಯಂ ಅಂದರೆ ಆಕಳಿಸುವ ಅಪ್ಪಂದಿರನ್ನು ಇಲ್ಲಿಗೆ ಕರೆದುಕೊಂಡು ಹೋಗಿ ನೋಡಿ. ಎಬ್ಬಿಸಿಕೊಂಡು ಬರೋದೇ ಕಷ್ಟ.

ಅಲ್ಲೇ ಹತ್ತು ಹೆಜ್ಜೆಗೆ ಶೋವಾಲ್ಟರ್ ಕಾರಂಜಿ. 1987ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರ ಚಾಂಪಿಯನ್ ಆದಾಗ ಹುಡುಗರು ಖುಷಿಯಲ್ಲಿ ಕಾರಂಜಿಯ ಕಂಚಿನ ಮೀನುಗಳನ್ನೇ ಕಿತ್ತರು. ಬ್ಯಾಸ್ಕೆಟ್‌ಬಾಲ್ ಇಲ್ಲಿ ಆಟವಲ್ಲ, ವ್ರತ. ಪಕ್ಕದ ಆರ್ಟ್ ಮ್ಯೂಸಿಯಂ ಹೆಸರಾಂತ ವಾಸ್ತುಶಿಲ್ಪಿ ಐ.ಎಂ. ಪೇ ಅವರ ಸಂಸ್ಥೆ ವಿನ್ಯಾಸ ಮಾಡಿದ್ದು, 1982ರಲ್ಲಿ ತೆರೆದದ್ದು, ಪ್ರವೇಶ ಉಚಿತ. ಮೂಲೆಗಳೆಲ್ಲ ಓರೆಕೋರೆ. ವಾಸ್ತು ನಂಬುವವರು ಸ್ವಲ್ಪ ಗಟ್ಟಿ ಮನಸ್ಸು ಮಾಡಿಕೊಂಡು ಒಳಗೆ ಹೋಗಿ.

ಸಂಜೆ ಸಂಗೀತ. ಇಲ್ಲಿನ ಜೇಕಬ್ಸ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಕಛೇರಿಗಳು ನಡೆಯುತ್ತವೆ. ಹೆಚ್ಚಿನವು ಉಚಿತ. ಪಿಟೀಲಿನ ಜೋಶುವಾ ಬೆಲ್ ಇದೇ ಊರಿನವರು, ಕಲಿತದ್ದೂ ಇಲ್ಲೇ. ಮಲ್ಲೇಶ್ವರದಲ್ಲಿ ರಾಮನವಮಿ ಕಛೇರಿ ಬಿಡದೆ ಕೇಳುವವರು ಇಲ್ಲಿಗೆ ಬಂದು ಸಂಜೆಯೆಲ್ಲ ಯೂಟ್ಯೂಬಿನಲ್ಲಿ ಸೀರಿಯಲ್ ನೋಡ್ತಾ ಕೂರ್ತಾರೆ ಅಂದ್ರೆ ನನಗೆ ಹೊಟ್ಟೆ ಉರಿಯುತ್ತದೆ. ಪಾಶ್ಚಾತ್ಯ ಸಂಗೀತ ಅರ್ಥ ಆಗಬೇಕಂತೇನಿಲ್ಲ. ವಿದ್ಯಾರ್ಥಿಯ ಪದವಿ ಕಛೇರಿಗೆ ಹೋಗಿ. ಮುಂದಿನ ಸಾಲಲ್ಲಿ ಮೇಷ್ಟ್ರು, ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತಾ ಕೂತ ಅಮ್ಮ. ಆ ಅಮ್ಮ ನಿಮಗೆ ಅರ್ಥ ಆಗ್ತಾರೆ.

ಊರಿನ ದಕ್ಷಿಣಕ್ಕೆ ಟಿಬೆಟಿಯನ್ ಮಂಗೋಲಿಯನ್ ಬೌದ್ಧ ಕೇಂದ್ರ ಇದೆ. ಇಲ್ಲಿಗೆ ಮಾತ್ರ ಕಾರು ಬೇಕು. ಬೈಲಕುಪ್ಪೆಯೋ ಮುಂಡಗೋಡೋ ನೋಡಿದವರಿಗೆ ಸ್ತೂಪ, ಪ್ರಾರ್ಥನಾ ಚಕ್ರ, ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಾವುಟ ಹೊಸದೇನಲ್ಲ. ಆದರೆ ಇಂಡಿಯಾನಾದ ಕಾಡಿನ ಮಧ್ಯೆ ಇದು ಹೇಗೆ ಬಂತು? ದಲೈ ಲಾಮಾ ಅವರ ಅಣ್ಣ ತುಬ್ತೆನ್ ಜಿಗ್ಮೆ ನೋರ್ಬು ಇಲ್ಲಿನ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದರು. 1979ರಲ್ಲಿ ಅವರೇ ಈ ಕೇಂದ್ರ ಕಟ್ಟಿದರು. 2008ರಲ್ಲಿ ತೀರಿಕೊಂಡರು. 1999ರಲ್ಲಿ ದಲೈ ಲಾಮಾ ಇಲ್ಲೇ ಕಾಲಚಕ್ರ ದೀಕ್ಷೆ ಕೊಟ್ಟಿದ್ದಾರೆ. ನಾಡು ಬಿಟ್ಟು ಬಂದ ಜನರ ಒಂದು ಕವಲು ಕೊಡಗಿನ ಪಕ್ಕಕ್ಕೆ, ಇನ್ನೊಂದು ಕವಲು ಇಲ್ಲಿಗೆ ಬಂತು. ನೋಡಿಕೊಂಡು ವಾಪಸ್ ಬರ್ತಾ ಫೋರ್ತ್ ಸ್ಟ್ರೀಟ್‌ನಲ್ಲಿ ಇಳಿದರೆ ಮೊಮೊ ಸಿಗುತ್ತದೆ. ಆ ಬೀದಿಯ ಹಳೇ ಮನೆಗಳೆಲ್ಲ ಈಗ ಹೋಟೆಲ್‌ಗಳು. ಥಾಯ್, ಟರ್ಕಿ, ನಮ್ಮ ಉತ್ತರ ಭಾರತದ್ದು, ಎಲ್ಲ ಇವೆ. ಜಗಲಿಯಲ್ಲೇ ಮೇಜು ಹಾಕಿರುತ್ತಾರೆ. ಒಳ್ಳೆ ದೋಸೆ ಮಾತ್ರ ಕೇಳಬೇಡಿ.

ಅಂದಹಾಗೆ, ನಮ್ಮ ಎ.ಕೆ. ರಾಮಾನುಜನ್ 1963ರಲ್ಲಿ ಭಾಷಾಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದದ್ದು ಇದೇ ಯೂನಿವರ್ಸಿಟಿಯಿಂದ. ಎಲ್ಲರೂ ಶಿಕಾಗೊ ಶಿಕಾಗೊ ಅಂತಾರೆ, ಇದನ್ನು ಯಾರೂ ಹೇಳಲ್ಲ.

ಈಗ ಯಾವಾಗ ಬರಬೇಕು ಅನ್ನೋದು. ನನ್ನನ್ನು ಕೇಳಿದರೆ ಮೇ ಬಿಟ್ಟು ಏಪ್ರಿಲ್. ಆಗ ಲಿಟ್ಲ್ 500 ಸೈಕಲ್ ರೇಸ್. 1951ರಿಂದ ನಡೀತಿದೆ. ನಾಲ್ಕು ಜನರ ತಂಡ, 200 ಸುತ್ತು, ಒಟ್ಟು 50 ಮೈಲಿ. 1988ರಿಂದ ಹೆಣ್ಣುಮಕ್ಕಳ ರೇಸೂ ಇದೆ, ಅದು 100 ಸುತ್ತು. ಟ್ರ್ಯಾಕ್ ಡಾಂಬರಿನದಲ್ಲ, ಕರಿ ಪುಡಿ ಹಾಸಿದ್ದು. ಸೈಕಲ್ಲಿಗೆ ಒಂದೇ ಗೇರು. ನಿಜವಾದ ಮಜಾ ಸವಾರ ಬದಲಾಗುವಾಗ. ಬರುತ್ತಿರುವವನು ಓಡುವ ಸೈಕಲ್ಲಿನಿಂದಲೇ ಹಾರಿ ಹ್ಯಾಂಡಲ್ ಬಿಡುತ್ತಾನೆ. ಪಕ್ಕದಲ್ಲಿ ಓಡುತ್ತಿರುವವನು ಅದೇ ಹ್ಯಾಂಡಲ್ ಹಿಡಿದು ಹಾರಿ ಕೂರುತ್ತಾನೆ. ಒಂದು ಕ್ಷಣ ಸೈಕಲ್ ಮೇಲೆ ಯಾರೂ ಇರಲ್ಲ. ಕಾಲು ತಪ್ಪಿದರೆ ಇಬ್ಬರೂ ಪುಡಿಯಲ್ಲಿ ಉಜ್ಜಿಕೊಂಡು ಹೋಗುತ್ತಾರೆ, ಹಿಂದಿನವರು ಅವರ ಮೇಲೆ. ನಮ್ಮ ಅಮ್ಮಂದಿರಂತೂ "ಅಯ್ಯೋ ದೇವರೇ" ಅಂತ ಎದ್ದೇ ನಿಲ್ಲುತ್ತಾರೆ. ಆ ವಾರಾಂತ್ಯದ ರಾತ್ರಿ ಕರ್ಕ್‌ವುಡ್ ಬೀದಿಗೆ ಹೋಗಬೇಡಿ. ಮಕ್ಕಳ ಬಗ್ಗೆ ಇರುವ ಒಳ್ಳೆ ಅಭಿಪ್ರಾಯ ಹಾಗೇ ಇರಲಿ.

ಅಕ್ಟೋಬರ್ ಕೂಡ ಚೆನ್ನ. ಪಕ್ಕದ ಬ್ರೌನ್ ಕೌಂಟಿ ಸ್ಟೇಟ್ ಪಾರ್ಕ್‌ನಲ್ಲಿ ಕಾಡೆಲ್ಲ ಕೆಂಪು, ಹಳದಿ. ಆದರೆ ಶನಿವಾರ ಭಾನುವಾರ ಅಲ್ಲಿಗೆ ಹೋದರೆ ಎಲೆಗಿಂತ ಜಾಸ್ತಿ ಮುಂದಿನ ಕಾರಿನ ಕೆಂಪು ದೀಪ ನೋಡಬೇಕಾಗುತ್ತದೆ. ಮಂಗಳವಾರ ಹೋಗಿ. ಮನ್ರೋ ಲೇಕ್ ದೊಡ್ಡದು, ನಿಜ. ದೋಣಿ ಇಲ್ಲದವರಿಗೆ ಅಲ್ಲಿ ಅಂಥದ್ದೇನೂ ಇಲ್ಲ, ಬಿಟ್ಟುಬಿಡಿ. ಬದಲಿಗೆ ಶನಿವಾರ ಬೆಳಿಗ್ಗೆ ಸಿಟಿ ಹಾಲ್ ಪಕ್ಕದ ರೈತರ ಸಂತೆಗೆ ಹೋಗಿ. ಅಲ್ಲೇ ಹಳೇ ರೈಲು ದಾರಿಯನ್ನು ನಡೆಯುವ ದಾರಿ ಮಾಡಿದ್ದಾರೆ, ಬಿ-ಲೈನ್ ಅಂತ. ವಾಕಿಂಗ್ ಚಟ ಇರುವವರಿಗೆ ಅಷ್ಟು ಸಾಕು.

ಇಷ್ಟೆಲ್ಲ ಹೇಳಿದ ಮೇಲೂ "ಗ್ರ್ಯಾಜುಯೇಶನ್ ನೋಡಲೇಬೇಕು, ಮೇನಲ್ಲೇ ಬರ್ತೀವಿ" ಅನ್ನುವವರಿಗೆ ನನ್ನ ಅಡ್ಡಿ ಇಲ್ಲ. ಆದರೆ ಸಮಾರಂಭ ಮುಗಿದ ಮೇಲೆ ಉಳಿಯಿರಿ, ಅದಕ್ಕೆ ಮುಂಚೆ ಅಲ್ಲ. ಆ ವಾರಾಂತ್ಯ ಹೋಟೆಲ್ ರೇಟು ಕೇಳಿದರೆ ತಲೆ ತಿರುಗುತ್ತದೆ. ಸೋಮವಾರದ ಹೊತ್ತಿಗೆ ಹುಡುಗರೆಲ್ಲ ಖಾಲಿ, ಎಲ್ಲಿ ಬೇಕಾದರೂ ಜಾಗ, ಎಲ್ಲಿ ಬೇಕಾದರೂ ಪಾರ್ಕಿಂಗ್. 2038ರ ಮೇ ಬಿಟ್ಟು ಯಾವ ವರ್ಷವಾದರೂ ಸರಿ. ಆ ವರ್ಷ, ಹದಿನೇಳು ವರ್ಷಕ್ಕೊಮ್ಮೆ ನೆಲದಿಂದ ಏಳುವ ಜೀರುಂಡೆಗಳು ಕೋಟಿಗಟ್ಟಲೆ ಬರ್ತವೆ. 2021ರಲ್ಲಿ ಬಂದಿದ್ದವು, ಮನೆಯೊಳಗೆ ಕೂತು ಫೋನಲ್ಲಿ ಮಾತಾಡೋಕೂ ಆಗ್ತಿರಲಿಲ್ಲ.