ಹಸಿರು ಗೋಲ ಸರಿ, ಶಾಸ್ತ್ರದ ಆಧಾರ ಸರಿಯಲ್ಲ

ಯೋಗದಲ್ಲಿ ಹೇಳುವ ದೇಹದೊಳಗಿನ ಶಕ್ತಿಕೇಂದ್ರಗಳಲ್ಲಿ ಒಂದಾದ, ಹೃದಯದ ಅನಾಹತ ಚಕ್ರದ ಬಣ್ಣ ಹಸಿರೆಂದು ಪ್ರಾಚೀನ ಶಾಸ್ತ್ರಗಳೇ ಹೇಳಿವೆ, ಹಾಗಾಗಿ ಧ್ಯಾನಕ್ಕೆ ಹಸಿರು ಸ್ಫಟಿಕದ ಗೋಲವೇ ಶ್ರೇಷ್ಠ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಮಾತನ್ನು ನಾನು ಒಪ್ಪಲಾರೆ. 16ನೇ ಶತಮಾನದ ಪೂರ್ಣಾನಂದ ಯತಿಗಳ ಷಟ್ಚಕ್ರನಿರೂಪಣ ಎಂಬ, ಚಕ್ರಗಳನ್ನು ವರ್ಣಿಸುವ ಗ್ರಂಥವನ್ನು ತೆರೆದು ನೋಡಿ. ಅಲ್ಲಿ ಅನಾಹತದ ಹನ್ನೆರಡು ದಳದ ಕಮಲ ಬಂಧೂಕ ಹೂವಿನಂತೆ ಕೆಂಪು. ಅದರೊಳಗಿನ ವಾಯುಮಂಡಲ, ಅಂದರೆ ಗಾಳಿಯ ತತ್ತ್ವವನ್ನು ಸೂಚಿಸುವ ಆಕೃತಿ, ಹೊಗೆಯ ಬಣ್ಣದ್ದು. ಏಳು ಚಕ್ರಗಳಿಗೆ ಕಾಮನಬಿಲ್ಲಿನ ಏಳು ಬಣ್ಣಗಳನ್ನು ಹಂಚಿದ್ದು 20ನೇ ಶತಮಾನದ ಪಾಶ್ಚಾತ್ಯ ಲೇಖಕರು. ಅದನ್ನು ನಮ್ಮ ಹಿರಿಯರ ಬಾಯಲ್ಲಿ ಇಡುವುದು ಅವರಿಗೆ ಮಾಡುವ ಅನ್ಯಾಯ. ಹಠಯೋಗ ಪ್ರದೀಪಿಕೆ ಎಂಬ ಯೋಗಗ್ರಂಥ ಹೇಳುವ ತ್ರಾಟಕದಲ್ಲೂ (ದೃಷ್ಟಿ ನೆಟ್ಟು ನೋಡುವ ಅಭ್ಯಾಸದಲ್ಲೂ) ಕಲ್ಲಿನ ಮಾತಿಲ್ಲ, ಬಣ್ಣದ ಮಾತಿಲ್ಲ. ಕಣ್ಣೀರು ಬರುವವರೆಗೆ ಒಂದು ಸಣ್ಣ ಗುರಿಯನ್ನು ಅಲುಗಾಡದೆ ನೋಡು ಎಂದಷ್ಟೇ ಇದೆ.

ಗೋಲ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಮೇಜಿನ ಮೇಲೂ ಕಿತ್ತಳೆ ಹಣ್ಣಿನ ಗಾತ್ರದ ಹಸಿರು ಫ್ಲೋರೈಟ್ ಎಂಬ ಖನಿಜದ ಗೋಲವಿದೆ. ಬೆಳಿಗ್ಗೆ ಕಿಟಕಿಯ ಸರಳುಗಳು ಅದರೊಳಗೆ ತಲೆಕೆಳಗಾಗಿ ಕಾಣುತ್ತವೆ, ನಡುವಿನ ಕೂದಲೆಳೆಯಂಥ ಸೀಳೊಂದು ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ. ಆ ಸೀಳಿನ ಮೇಲೆ ದೃಷ್ಟಿಯಿಟ್ಟು ಕುಳಿತರೆ ಹತ್ತು ನಿಮಿಷದಲ್ಲಿ ಉಸಿರು ತಾನಾಗಿ ನಿಧಾನವಾಗುತ್ತದೆ. ಹಸಿರು ನನಗೆ ಮಳೆ ಬಿದ್ದ ಮರುವಾರದ ಗದ್ದೆಯನ್ನು ನೆನಪಿಸುತ್ತದೆ, ನನ್ನ ಮಟ್ಟಿಗೆ ಅಷ್ಟು ಅರ್ಥ ಸಾಕು.

ಲೇಖಕರು ಹೇಳಲೇಬೇಕಿದ್ದ ಒಂದು ಮಾತು ಬಿಟ್ಟುಹೋಗಿದೆ. ಪಾರದರ್ಶಕ ಗೋಲ ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸುತ್ತದೆ. ನೇರ ಬಿಸಿಲಿನಲ್ಲಿಟ್ಟ ನನ್ನ ಗೋಲದ ಕೆಳಗಿನ ಹತ್ತಿಬಟ್ಟೆಯಲ್ಲಿ ಕಡಲೆಕಾಳಿನಷ್ಟು ಅಗಲದ ಸುಟ್ಟ ಕಲೆ ಇಂದಿಗೂ ಇದೆ. ಧ್ಯಾನ ಮುಗಿದ ಮೇಲೆ ಗೋಲವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ.