ಸಣ್ಣ ಕಾರಿಗೆ ಸೈಡ್ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ?

ಬೆಳಿಗ್ಗೆಯಿಂದ ಒಂದೊಂದೇ ವಾಟ್ಸಾಪ್ ಗ್ರೂಪಿಗೆ ಅದೇ ಡ್ಯಾಶ್‌ಕ್ಯಾಮ್ ವಿಡಿಯೋ ಬಂದು ಬೀಳುತ್ತಿದೆ. ಎರಡೇ ಲೇನಿನ ರಸ್ತೆ. ಮುಂದೆ ದೊಡ್ಡ ಬಿಳಿ ಎಸ್‌ಯುವಿ, ಅರವತ್ತರಲ್ಲಿ ಆರಾಮಾಗಿ ಹೋಗುತ್ತಿದೆ. ಹಿಂದಿನಿಂದ ಕೆಂಪು ಪೋಲೋ, ಫೋಕ್ಸ್‌ವ್ಯಾಗನ್ನಿನ ಸಣ್ಣ ಕಾರು, ಇಂಡಿಕೇಟರ್ ಹಾಕಿಕೊಂಡು ಬಲಕ್ಕೆ ಬರುತ್ತದೆ. ಪಕ್ಕಕ್ಕೆ ಬಂದದ್ದೇ ತಡ, ಅಲ್ಲಿಯವರೆಗೆ ತೂಕಡಿಸುತ್ತಿದ್ದ ಎಸ್‌ಯುವಿಗೆ ಮೈಮೇಲೆ ದೇವರು ಬರುತ್ತದೆ. ಎರಡೂ ಪಕ್ಕಪಕ್ಕ ಓಡುತ್ತವೆ, ಎದುರಿಗೆ ಲಾರಿ, ಪೋಲೋ ಬ್ರೇಕ್ ಒತ್ತಿ ಹಿಂದೆ ಸರಿದು ಕೂದಲೆಳೆಯಲ್ಲಿ ಪಾರಾಗುತ್ತದೆ. ಸರಿ, ನೋಡಿದವರು ಬೈದದ್ದು ಯಾರನ್ನ? ಪೋಲೋದವನನ್ನ. "ಈ ಟರ್ಬೋ ಹುಡುಗ್ರೇ ಹಿಂಗೆ." "ಅಪ್ಪನ ದುಡ್ಡು, ಕೇಳೋರಿಲ್ಲ." ಎಸ್‌ಯುವಿಯವರ ಬಗ್ಗೆ ಒಂದಕ್ಷರ ಇಲ್ಲ. ಅವರು ದೊಡ್ಡವರು.

ಕಾರುಗಳ ವಿಷಯಕ್ಕೆ ನನ್ನ ನಾಲಿಗೆ ಸುಮ್ಮನಿರೋದಿಲ್ಲ ಅಂತ ಇಲ್ಲಿರುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಸಣ್ಣ, ಚುರುಕು ಗಾಡಿಗಳ ಮೇಲೆ ನನಗೆ ಪಕ್ಷಪಾತ ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಈಗ ಹೇಳುತ್ತಿರುವುದು ಪಕ್ಷಪಾತದ ಮಾತಲ್ಲ, ಲೆಕ್ಕ.

ಅರವತ್ತರಲ್ಲಿ ಹೋಗುವ ಗಾಡಿಯನ್ನು ಎಂಬತ್ತರಲ್ಲಿ ಹಿಂದೆ ಹಾಕುತ್ತೀರಿ ಅಂದುಕೊಳ್ಳಿ. ಹಿಂದೆ 20 ಮೀಟರ್ ಅಂತರ, ಅದರ ಉದ್ದ ಐದು ಮೀಟರಿಗೆ ಸ್ವಲ್ಪ ಕಮ್ಮಿ, ನಿಮ್ಮದು ನಾಲ್ಕು, ಮತ್ತೆ ಎಡಕ್ಕೆ ಸೇರುವ ಮೊದಲು 15 ಮೀಟರ್. ಒಟ್ಟು ಸುಮಾರು 44 ಮೀಟರ್ ನೀವು ಹೆಚ್ಚಿಗೆ ಕ್ರಮಿಸಬೇಕು. ವೇಗದ ವ್ಯತ್ಯಾಸ 20 ಕಿ.ಮೀ., ಹಾಗಾಗಿ ಎಂಟು ಸೆಕೆಂಡು. ಅಷ್ಟರಲ್ಲಿ ನೀವು ರಾಂಗ್ ಸೈಡಿನಲ್ಲಿ 175 ಮೀಟರ್ ಓಡಿರುತ್ತೀರಿ. ಎದುರಿನಿಂದಲೂ ಎಂಬತ್ತರಲ್ಲಿ ಒಂದು ಗಾಡಿ ಬರುತ್ತಿದ್ದರೆ ನಿಮಗೆ 350 ಮೀಟರ್ ಖಾಲಿ ರಸ್ತೆ ಬೇಕು. ಈಗ ಆ ಮಹಾನುಭಾವರು ರೋಷಕ್ಕೆ ಬಿದ್ದು ಬರೀ ಹತ್ತು ಕಿ.ಮೀ. ಜಾಸ್ತಿ ಮಾಡಿದರು, ಎಪ್ಪತ್ತಕ್ಕೆ ಬಂದರು. ವ್ಯತ್ಯಾಸ ಅರ್ಧವಾಯಿತು, ಸಮಯ ಎರಡು ಪಟ್ಟಾಯಿತು. ಹದಿನಾರು ಸೆಕೆಂಡು, ಬೇಕಾದ ಖಾಲಿ ರಸ್ತೆ 700 ಮೀಟರ್. ನಮ್ಮ ರಾಜ್ಯ ಹೆದ್ದಾರಿಗಳಲ್ಲಿ 700 ಮೀಟರ್ ನೇರ ರಸ್ತೆ ಕಣ್ಣಿಗೆ ಬೀಳೋದು ಎಲ್ಲಿ, ಹೇಳಿ? ಹೊರಟಾಗ ಸರಿಯಾಗಿಯೇ ಇದ್ದ ಓವರ್‌ಟೇಕನ್ನು ನಡುವೆ ಯಮಲೋಕದ ದಾರಿ ಮಾಡಿದ್ದು ಪೋಲೋದವನಲ್ಲ.

ಇದು ನನ್ನ ಸ್ವಂತ ಸಿದ್ಧಾಂತ ಅಂದುಕೊಳ್ಳಬೇಡಿ. 1989ರ ರಸ್ತೆ ನಿಯಮಾವಳಿಯ ಏಳನೇ ನಿಯಮ ಇದನ್ನೇ ಹೇಳಿತ್ತು: ನಿಮ್ಮನ್ನು ಬೇರೆ ಗಾಡಿ ದಾಟುತ್ತಿರುವಾಗ ವೇಗ ಹೆಚ್ಚಿಸಬಾರದು, ಅಡ್ಡಿ ಮಾಡಬಾರದು. ಅದರ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಾಗಲೂ ಈ ಮಾತು ಉಳಿದುಕೊಂಡಿತು. ಗಾಡಿಯ ಸೈಜು ನೋಡಿ ಪಾಲಿಸಿ ಅಂತ ಎಲ್ಲೂ ಬರೆದಿಲ್ಲ.

ಅದೇ ಎಸ್‌ಯುವಿಯನ್ನು ಇನ್ನೊಂದು ಎಸ್‌ಯುವಿ ಹಿಂದೆ ಹಾಕಲಿ, ಏನೂ ಆಗುವುದಿಲ್ಲ. ಜರ್ಮನ್ ಸೆಡಾನ್ ಬಂದರೆ ತಾನಾಗಿ ಎಡಕ್ಕೆ ಹೋಗುತ್ತಾರೆ, ಗೌರವ! ನಾಲ್ಕು ಮೀಟರಿನ ಕಾರು ಬಂದರೆ ಮಾತ್ರ ಅವಮಾನ. ಸ್ಟಿಯರಿಂಗ್ ಹಿಡಿದವಳು ಹೆಣ್ಣುಮಗಳಾದರಂತೂ ಕೇಳಲೇಬೇಡಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100 ಇದ್ದರೂ ಬಲ ಲೇನಿನಲ್ಲಿ ಎಂಬತ್ತಕ್ಕೆ ಅಂಟಿಕೊಂಡು ಕೂತವರಿಗೆ ಒಂದು ಸಲ ಡಿಪ್ ಹೊಡೆದು ನೋಡಿ. ಆಸ್ತಿ ಕೇಳಿದ ಹಾಗೆ ಆಡುತ್ತಾರೆ. ಆ ಗಾಡಿಯ ಮುಂದೆ ಬುಲ್‌ಬಾರ್, ಅಂದರೆ ಬಂಪರಿನ ಮುಂದೆ ಕಟ್ಟುವ ಕಬ್ಬಿಣದ ಕಂಬಿ, ಬೇರೆ ಇರುತ್ತದೆ. ಅದನ್ನು ತೆಗೆಸಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ 2017ರಲ್ಲೇ ಬರೆದಿದೆ. ಆದರೂ "ರ‍್ಯಾಶ್" ಅನ್ನೋ ಬಿರುದು ಹ್ಯಾಚ್‌ಬ್ಯಾಕಿಗೆ.

"ಅಷ್ಟು ಸಣ್ಣ ಎಂಜಿನ್ನಿಗೆ ಇಷ್ಟು ಕೊಬ್ಬಾ?" ಅನ್ನುವವರಿಗೂ ಒಂದು ಲೆಕ್ಕ ಇದೆ. ಪೋಲೋ 1.0 ಟಿಎಸ್‌ಐ, ಅಂದರೆ ಒಳಗೆ ಗಾಳಿ ಒತ್ತಿ ತುಂಬುವ ಟರ್ಬೋ ಇರುವ ಒಂದು ಲೀಟರ್ ಪೆಟ್ರೋಲ್ ಎಂಜಿನ್, 110 ಪಿಎಸ್ (ಅಶ್ವಶಕ್ತಿಯ ಅಳತೆ), ತೂಕ 1,100 ಕೆಜಿಯ ಒಳಗೆ. ಟನ್ನಿಗೆ ನೂರು ಪಿಎಸ್ ಬಂತು. ಇನ್ನೋವಾ ಕ್ರಿಸ್ಟಾ ಡೀಸೆಲ್ 150 ಪಿಎಸ್, ಖಾಲಿ ಗಾಡಿಯೇ 1,800 ಕೆಜಿ ದಾಟುತ್ತದೆ. ಟನ್ನಿಗೆ ಎಂಬತ್ತರ ಆಸುಪಾಸು. 204 ಪಿಎಸ್‌ನ ಫಾರ್ಚೂನರ್ ಹತ್ತಿರ ಬರುತ್ತದೆ, ಒಪ್ಪಿಕೊಳ್ಳೋಣ, ತೊಂಬತ್ತೈದರ ಹತ್ತಿರ. ಆದರೆ ಎರಡು ಟನ್ನಿಗಿಂತ ಜಾಸ್ತಿ ತೂಕದ ಅದನ್ನು ನಿಲ್ಲಿಸಬೇಕಲ್ಲ. ಅದೇ ವೇಗದಲ್ಲಿ ಅದರ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಶಕ್ತಿ ಪೋಲೋದ ಎರಡರಷ್ಟು. ಘಾಟಿ ಇಳಿಯುವಾಗ ಯಾವ ಗಾಡಿಯ ಬ್ರೇಕು ಮೊದಲು ವಾಸನೆ ಬರುತ್ತದೆ ಅಂತ ಚಾರ್ಮಾಡಿಯಲ್ಲಿ ಇಳಿದವರನ್ನು ಕೇಳಿ.

ತಮಾಷೆ ಅಂದರೆ, ನಿಜವಾಗಿ ಜೋರಿರುವ ಸಣ್ಣ ಕಾರುಗಳನ್ನು ಜನ ಗುರುತೇ ಹಿಡಿಯುವುದಿಲ್ಲ. 2015ರಲ್ಲಿ ಫಿಯೆಟ್ ಅಬಾರ್ತ್ ಪುಂಟೋ ಬಂತು. 1.4 ಟಿ-ಜೆಟ್ ಟರ್ಬೋ ಎಂಜಿನ್, 145 ಬಿಎಚ್‌ಪಿ, ನಾಲ್ಕೂ ಚಕ್ರಕ್ಕೆ ಡಿಸ್ಕ್, ಎಕ್ಸ್ ಶೋರೂಂ ಹತ್ತು ಲಕ್ಷದ ಒಳಗೆ. ಆ ದುಡ್ಡಿಗೆ ಅಂಥ ಗಾಡಿ ಈ ದೇಶದಲ್ಲಿ ಮತ್ತೆ ಬಂದಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದವರು ಕಿಟಕಿ ಇಳಿಸಿ ಕೇಳುವುದೇನು? "ಫಿಯೆಟ್ಟಾ? ಸ್ಪೇರ್ ಸಿಗುತ್ತಾ ಸಾರ್?" ಮುಗಿಯಿತು ಅದರ ಖ್ಯಾತಿ. ಟಾಟಾದವರು ಕೊಯಮತ್ತೂರಿನ ಜಯೇಮ್ ಕಂಪನಿ ಜೊತೆ ಸೇರಿ 2018ರಲ್ಲಿ ಟಿಯಾಗೋ ಜೆಟಿಪಿ ತಂದರು. 114 ಪಿಎಸ್, ಶುರು ಬೆಲೆ 6.39 ಲಕ್ಷ. ಅದನ್ನು ಕಂಡವರಿಗೆ ಅದು ಬರೀ ಟಿಯಾಗೋ, ಆಮೇಲೆ ಹಿಂಬದಿ ನೋಡಿ ಗಾಬರಿ. ಬಿಎಸ್-6 ಹೊಗೆ ನಿಯಮ ಬಂದ ಹೊತ್ತಿಗೆ ಅದೂ ನಿಂತಿತು. ಬಲೆನೋ ಆರ್‌ಎಸ್ 2017ರಲ್ಲಿ ಬಂದು ಮೂರು ವರ್ಷಕ್ಕೆ ಹೋಯಿತು. 102 ಪಿಎಸ್, ಹಿಂದೆಯೂ ಡಿಸ್ಕ್, ಆದರೆ ಮದುವೆ ಮನೆಯಲ್ಲಿ ನಿಂತ ಹತ್ತು ಬಲೆನೋಗಳ ನಡುವೆ ಇದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್ ಎರಡೂ 120 ಪಿಎಸ್, ಇವುಗಳಿಗೆ ಕೆಂಪು ಗೆರೆ, ಪಟ್ಟಿ ಕಂಪನಿಯವರೇ ಹಚ್ಚಿ ಕಳಿಸಿದ್ದರಿಂದ ಸ್ವಲ್ಪ ಗುರುತು ಸಿಗುತ್ತದೆ.

ಹೆಸರು ಕೆಟ್ಟಿರುವುದು ಪೋಲೋ ಮತ್ತು ಸ್ವಿಫ್ಟಿನದ್ದು. ಸ್ವಿಫ್ಟಿನ ಕಥೆ ಇನ್ನೂ ಅನ್ಯಾಯ. ಸ್ವಿಫ್ಟ್ ಸ್ಪೋರ್ಟ್ ಭಾರತಕ್ಕೆ ಮಾರಾಟಕ್ಕೆ ಬರಲೇ ಇಲ್ಲ. ಇಲ್ಲಿ ಓಡುವುದೆಲ್ಲ ಟರ್ಬೋ ಇಲ್ಲದ ಪೆಟ್ರೋಲ್, ಇಲ್ಲವೇ 75 ಪಿಎಸ್‌ನ ಹಳೇ ಡೀಸೆಲ್. "ಸ್ಪೋರ್ಟ್" ಅನ್ನುವ ಬ್ಯಾಡ್ಜ್ ಮಾತ್ರ ಜೆ.ಸಿ. ರಸ್ತೆಯಲ್ಲಿ ಧಾರಾಳ. ಪೋಲೋದ ನಿಜವಾದ ಜೋರು ಮಾದರಿ ಜಿಟಿಐ 2016ರಲ್ಲಿ ಬಂದದ್ದು 99 ಗಾಡಿ, ಅದೂ ಮೂರು ಬಾಗಿಲಿನದು. ಐದು ಬಾಗಿಲಿನ ಪೋಲೋ ಮೇಲೆ "ಜಿಟಿಐ" ಅಂತ ಕಂಡರೆ ಅದು ಸ್ಟಿಕ್ಕರಿನ ಶಕ್ತಿ, ಎಂಜಿನ್ನಿನದಲ್ಲ.

ಹಾಂ, ಗೊತ್ತು, ಈಗ ಬರುತ್ತೀರಿ. "ಆ ಸೈಲೆನ್ಸರ್ ಸದ್ದು? ರಾತ್ರಿ ಎರಡು ಗಂಟೆಗೆ ಪಟಾಕಿ ಹೊಡೆದ ಹಾಗೆ?" ಬೈಯಿರಿ, ನಾನೂ ಜೊತೆಗೆ ಬೈತೀನಿ. ಆ ಪಟಪಟ ಸದ್ದಿಗೂ ಪಿಕಪ್ಪಿಗೂ ಸಂಬಂಧವೇ ಇಲ್ಲ. ಕಾಲು ತೆಗೆದಾಗ ಎಂಜಿನ್ ಪೆಟ್ರೋಲ್ ನಿಲ್ಲಿಸಬೇಕು. ರೀಮ್ಯಾಪ್ ಮಾಡುವವರು, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದುವವರು, ಅದನ್ನು ನಿಲ್ಲಿಸದೆ, ಕಿಡಿಯನ್ನೂ ತಡ ಮಾಡಿಸಿ, ಉರಿಯುವ ಕೆಲಸ ಸಿಲಿಂಡರ್ ಬಿಟ್ಟು ಎಕ್ಸಾಸ್ಟ್ ಪೈಪಿನಲ್ಲಿ ನಡೆಯುವ ಹಾಗೆ ಮಾಡುತ್ತಾರೆ. ಆ ಬಿಸಿ ಟರ್ಬೋಗೆ ಬಡಿಯುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತದೆ, ಆಮೇಲೆ ಗಾಡಿ ಎಳೆಯುವುದೇ ಇಲ್ಲ. ದುಡ್ಡು ಕೊಟ್ಟು ಗಾಡಿ ನಿಧಾನ ಮಾಡಿಕೊಳ್ಳುವ ವಿದ್ಯೆ ಇದು! ಬಾನೆಟ್ಟಿನೊಳಗೆ ತೆರೆದ ಕೋನ್ ಏರ್ ಫಿಲ್ಟರ್ ಹಾಕಿ ಎಂಜಿನ್ನಿನ ಬಿಸಿಗಾಳಿಯನ್ನೇ ಕುಡಿಸುವುದು, ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಗಾಡಿ ಕೆಳಗಿಳಿಸುವುದು, ಇವೂ ಅಂಥವೇ. ಕತ್ತರಿಸಿದ ಸ್ಪ್ರಿಂಗ್ ಗಡಸಾಗುತ್ತದೆ, ಹಳೇ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯಲಾಗದು, ಹಂಪ್ ಹಾರಿದಾಗ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಎದ್ದರೂ ಎದ್ದಿತು. ಹ್ಯಾಲೋಜನ್ ರಿಫ್ಲೆಕ್ಟರಿಗೆ ಎಚ್‌ಐಡಿ ಬಲ್ಬು ತುರುಕಿ ಎದುರಿನವರ ಕಣ್ಣು ಕೀಳುವವರಿಗೆ ನನ್ನ ಸಹಾನುಭೂತಿ ಸೊನ್ನೆ. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಇಂಥ ಒಂದೊಂದು ಬದಲಾವಣೆಗೂ ಆರು ತಿಂಗಳವರೆಗೆ ಜೈಲು, 5,000 ರೂಪಾಯಿ ದಂಡ, ಇಲ್ಲವೇ ಎರಡೂ ಇದೆ. ಹಾಕಲಿ.

ಆದರೆ ಸದ್ದು ಮಾಡುವವನ ಪಾಪಕ್ಕೆ, ಕಂಪನಿ ಸೈಲೆನ್ಸರಿನಲ್ಲೇ, ಇಂಡಿಕೇಟರ್ ಹಾಕಿ ಓವರ್‌ಟೇಕ್ ಮಾಡುವವನನ್ನು ರಸ್ತೆಯಲ್ಲಿ ಶಿಕ್ಷಿಸುವುದು ಯಾವ ನ್ಯಾಯ? ಬುಲ್‌ಬಾರಿನವರಿಗೂ ಇದೇ ಕಾಯ್ದೆ ಇದೆಯಲ್ಲ, ಅವರ ಜಾತಕ ಯಾರೂ ನೋಡುವುದಿಲ್ಲ.

ಈ ಗಾಡಿ ಓಡಿಸುವವರಿಗೂ ಒಂದೆರಡು ಮಾತು. ಇಂಥ ರೋಷದವರು ಮುಂದಿರುತ್ತಾರೆ ಅಂತ ಗೊತ್ತಿದ್ದ ಮೇಲೆ ಅವರ ಡಿಕ್ಕಿಗೆ ಮೂಗು ತಾಗಿಸಿಕೊಂಡು ಹೋಗಬೇಡಿ. ಹಿಂದೆ ಉಳಿದಷ್ಟೂ ಮುಂದಿನ ರಸ್ತೆ ಕಾಣುತ್ತದೆ, ಓಟ ತೆಗೆದುಕೊಳ್ಳಲು ಜಾಗವೂ ಸಿಗುತ್ತದೆ. ಸಣ್ಣ ಟರ್ಬೋ ಪೆಟ್ರೋಲ್ ಎಂಜಿನ್ 1,500 ಆರ್‌ಪಿಎಂ ಕೆಳಗೆ ಸತ್ತ ಹಾಗಿರುತ್ತದೆ, ಎಳೆತ ಸಿಗುವುದು 1,750ರ ನಂತರ. ಐದನೇ ಗೇರಿನಲ್ಲಿ ಅರವತ್ತರಲ್ಲಿ ಹೋಗುತ್ತಾ ಎಕ್ಸಿಲರೇಟರ್ ಒತ್ತಿದರೆ ಗಾಡಿ ಯೋಚನೆ ಮಾಡುತ್ತಾ ಕೂರುತ್ತದೆ, ಆ ಹೊತ್ತಿಗೆ ಪಕ್ಕದವರಿಗೆ ರೋಷ ಬಂದಾಗಿರುತ್ತದೆ. ಬಲಕ್ಕೆ ಬರುವ ಮೊದಲೇ ಮೂರನೇ ಗೇರಿಗೆ ಇಳಿಸಿ. ಡಿಎಸ್‌ಜಿ (ಫೋಕ್ಸ್‌ವ್ಯಾಗನ್ನಿನ ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಆದರೆ ಮೊದಲೇ ಎಸ್‌ಗೆ, ಅಂದರೆ ಸ್ಪೋರ್ಟ್‌ಗೆ ಹಾಕಿ, ಡಿಯಲ್ಲೇ ಕಾಲು ಕುಟ್ಟಿ ಗೇರು ತಾನಾಗಿ ಇಳಿಯಲಿ ಅಂತ ಕಾಯಬೇಡಿ. ರೆಡ್‌ಲೈನಿನವರೆಗೆ ಕಿರುಚಿಸುವುದೂ ಬೇಡ, ಈ ಎಂಜಿನ್‌ಗಳ ಟಾರ್ಕ್, ಅಂದರೆ ಎಳೆತ, ನಡುವಿನ ಆರ್‌ಪಿಎಂನಲ್ಲೇ ಇರುತ್ತದೆ. ಒಂದೇ ಡಿಪ್, ಒಂದು ಸಣ್ಣ ಹಾರ್ನ್. ಒಳಗಿನ ಕನ್ನಡಿಯಲ್ಲಿ ಅವರ ಎರಡೂ ಹೆಡ್‌ಲೈಟ್ ಕಂಡ ಮೇಲೆ ಎಡಕ್ಕೆ ಬನ್ನಿ. ಅವರು ವೇಗ ಹೆಚ್ಚಿಸಿದ್ದು ಪಕ್ಕಕ್ಕೆ ಬರುವ ಮೊದಲೇ ಗೊತ್ತಾದರೆ ಬಿಟ್ಟುಬಿಡಿ. ಅವರಿಗೆ ಆ ದಿನದ ಒಲಿಂಪಿಕ್ ಪದಕ ಸಿಗಲಿ.

ಇನ್ನು, "ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ತಗೋಬಹುದಾ" ಅಂತ ಇನ್‌ಬಾಕ್ಸಿಗೆ ಬರುವವರು ಇದ್ದೇ ಇದ್ದೀರಿ. 2022ರಲ್ಲಿ ಪೋಲೋ ನಿಂತ ಮೇಲೆ ಅದಕ್ಕೆ ಬೇಡಿಕೆ ಇದೆ, ನೋಡಿ ತಗೊಳ್ಳಿ. 2013ರಿಂದ ಬಂದ 1.2 ಟಿಎಸ್‌ಐಗೆ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ. ಒಂದು, ಎರಡನೇ ಗೇರಿನಲ್ಲಿ ಟ್ರಾಫಿಕ್ ವೇಗದಲ್ಲಿ ನಡುಗುತ್ತದಾ ಅಂತ ಬಿಸಿ ಗಾಡಿಯಲ್ಲೇ ನೋಡಿ, ನಡುಗಿದರೆ ಕ್ಲಚ್ ಪ್ಯಾಕಿನ ಖರ್ಚು ಕೇಳಿಕೊಂಡೇ ರೇಟು ಮಾತಾಡಿ. 2020ರ ನಂತರದ 1.0ಗೆ ಮ್ಯಾನ್ಯುಯಲ್ ಅಥವಾ ಮಾಮೂಲಿ ಆಟೋಮ್ಯಾಟಿಕ್, ಆ ತಲೆನೋವು ಇಲ್ಲ. ರೀಮ್ಯಾಪ್ ಆಗಿತ್ತಾ ಅಂತ ಕೇಳಿ, "ಸ್ಟಾಕಿಗೆ ವಾಪಸ್ ಹಾಕಿಸಿದ್ದೀವಿ" ಅಂದರೆ ಆಗಿತ್ತು ಅಂತಲೇ ಅರ್ಥ. 15 ಇಂಚಿನ ಚಕ್ರದ ಗಾಡಿಯಾದರೆ ಟೈರ್ ಮೇಲೆ ಒರಿಜಿನಲ್ ಅಳತೆ 185/60 ಆರ್15 ಬದಲು 195/55 ಆರ್15 ಇದ್ದರೆ ಹೊರಸುತ್ತು ಸ್ವಲ್ಪವೇ ಕಮ್ಮಿ, ಪರವಾಗಿಲ್ಲ. 205/55 ಇದ್ದರೆ ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಒಳಗೆ ಉಜ್ಜುತ್ತದಾ ನೋಡಿ. ಮತ್ತೆ, ಹಿಂದಿನ ಗಾಜಿನ ಮೇಲಿನ ಆ ಸ್ಟಿಕ್ಕರುಗಳನ್ನೆಲ್ಲ ಮಾರುವವನ ಕೈಲೇ ಕೀಳಿಸಿ.